ಓದಲಿ, ಟಿಪ್ಪಣಿ ಬರೆಯಲಿ. ಮರ್ಜ್ ಮಾತ್ರ ನಿಮ್ಮ ಕೈಯಲ್ಲಿರಲಿ

ವಿ. ಕೃಷ್ಣ ಅವರು ದಶಕಗಳ ಕಾಲ ಶ್ರಮಿಸಿ ಕಟ್ಟಿದ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳ ಆ ದತ್ತಾಂಶ ಗಿಟ್‌ಹಬ್‌ನಲ್ಲಿದೆ. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಆ್ಯಪ್‌ನಲ್ಲಿ ಬಳಸಬಹುದು. ಕನ್ನಡದ ಕೀಬೋರ್ಡ್‌ಗಳು, ಫಾಂಟ್‌ಗಳು, ಕಾಗುಣಿತ ತಿದ್ದುವ ತಂತ್ರಾಂಶಗಳು ಹೀಗೆ ನಮ್ಮ ಭಾಷೆಗೆ ಬೇಕಾದ ಎಷ್ಟೋ ಕೆಲಸ ಇಂಥ ರೆಪೊಗಳಲ್ಲಿ ನಡೆಯುತ್ತದೆ. ಬಹಳಷ್ಟನ್ನು ನೋಡಿಕೊಳ್ಳುವವರು ಒಬ್ಬಿಬ್ಬರೇ. ಹಗಲಿಡೀ ಬೇರೆ ನೌಕರಿ, ರಾತ್ರಿ ಊಟವಾದ ಮೇಲೆ ಈ ಕೆಲಸ. ಯಾರೋ ಪ್ರೀತಿಯಿಂದ ಒಂದು ತಿದ್ದುಪಡಿ ಕಳಿಸಿರುತ್ತಾರೆ. ಅದನ್ನು ತೆರೆದು ನೋಡುವಷ್ಟರಲ್ಲಿ ವಾರಗಳು ಉರುಳಿರುತ್ತವೆ. ಕಳಿಸಿದವರು ಕಾದು ಸಾಕಾಗಿ ಮತ್ತೆ ಈ ಕಡೆ ಬರುವುದಿಲ್ಲ. ಸ್ವಯಂಸೇವಕರ ಯೋಜನೆಗಳು ಸೊರಗುವುದು ಕೋಡ್ ಬರೆಯುವವರು ಇಲ್ಲದ್ದರಿಂದಲ್ಲ, ಬಂದದ್ದನ್ನು ನೋಡುವವರು ಇಲ್ಲದ್ದರಿಂದ.

ಎಐ ಸಹಾಯಕ ನಿಜವಾಗಿ ನೆರವಿಗೆ ಬರುವುದು ಈ ಜಾಗದಲ್ಲಿ. ಬಂದ ತಿದ್ದುಪಡಿಯನ್ನು ಮೊದಲ ಸುತ್ತು ಓದಿ, ಏನು ಬದಲಾಗಿದೆ, ಎಲ್ಲಿ ಅನುಮಾನವಿದೆ ಎಂದು ಕೆಲವೇ ನಿಮಿಷಗಳಲ್ಲಿ ಬರೆದಿಡಬಲ್ಲದು. ಅದನ್ನು ಗಿಟ್‌ಹಬ್‌ಗೆ ಜೋಡಿಸುವುದು ಈಗ ಕಷ್ಟದ ಕೆಲಸವೂ ಅಲ್ಲ. ಒಂದು ಸಂಜೆ ಸಾಕು. ಆ ಸಂಜೆಯ ಬಹುಪಾಲನ್ನು ಎಲ್ಲಿ ಕಳೆಯಬೇಕು ಎಂಬುದನ್ನು ಹೇಳಲು ಈ ಲೇಖನ. ಜೋಡಿಸುವುದಕ್ಕೆ ಹತ್ತು ನಿಮಿಷ ಕೊಡಿ, ಅದಕ್ಕೆ ಏನು ಮಾಡಲು ಬಿಡಬೇಕು ಎಂದು ತೀರ್ಮಾನಿಸುವುದಕ್ಕೆ ಉಳಿದ ಹೊತ್ತನ್ನೆಲ್ಲ ಕೊಡಿ.

ಮಾತು ಸ್ಪಷ್ಟವಾಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂವರು ಗೆಳೆಯರು ಸೇರಿ ಕನ್ನಡದ ಒಂದು ಪದಕೋಶದ ರೆಪೊ ನಡೆಸುತ್ತಿದ್ದಾರೆ. ಅದು ಸಾರ್ವಜನಿಕ. ಪದಗಳೆಲ್ಲ ವೈಎಎಂಎಲ್ ಕಡತಗಳಲ್ಲಿವೆ, ಜೊತೆಗೆ ಅವನ್ನು ವೆಬ್‌ಸೈಟಿಗೆ ಏರಿಸುವ ಒಂದಿಷ್ಟು ಪೈಥಾನ್ ಕೋಡ್. ಬೇರೆ ಊರು, ಬೇರೆ ದೇಶಗಳ ಕನ್ನಡಿಗರು ತಮ್ಮ ಸೀಮೆಯ ಪದಗಳನ್ನು ಪುಲ್ ರಿಕ್ವೆಸ್ಟ್ ಮೂಲಕ ಕಳಿಸುತ್ತಾರೆ.

ಎಐ ಬೇಡದ ಕೆಲಸ ಮೊದಲು

ಯಾವುದನ್ನು ಎಐಗೆ ಕೊಡಬಾರದು ಎಂಬುದರಿಂದಲೇ ಶುರುಮಾಡಿ. ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆಯಬಹುದಾದ ತಪಾಸಣೆಗೆ ಸ್ಕ್ರಿಪ್ಟ್ ಸಾಕು. ಕಡತದ ಜೋಡಣೆ ಸರಿಯಿದೆಯೇ, ಒಂದೇ ಪದ ಎರಡು ಸಲ ಬಂದಿದೆಯೇ, ಖಾಲಿ ಅರ್ಥ ಉಳಿದಿದೆಯೇ ಎಂಬಂಥವು.

ಕನ್ನಡದ ದತ್ತಾಂಶ ಇಟ್ಟುಕೊಂಡವರು ಇದನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ‘ೊ’ ಎಂಬ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಇವೆರಡನ್ನು ಒಂದರ ಬೆನ್ನಿಗೊಂದು ಇಟ್ಟೂ ಬರೆಯಬಹುದು. ಪರದೆಯ ಮೇಲೆ ‘ಕೊಡೆ’ ಎರಡು ಬಗೆಯಲ್ಲೂ ಒಂದೇ ಥರ ಕಾಣುತ್ತದೆ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಇದನ್ನು ಸರಿಪಡಿಸಲು ಯುನಿಕೋಡ್‌ನಲ್ಲೇ ಎನ್‌ಎಫ್‌ಸಿ ಎಂಬ ಏಕರೂಪಗೊಳಿಸುವ ವಿಧಾನವಿದೆ, ಪೈಥಾನ್ ಜೊತೆಗೇ ಬರುವ ಯುನಿಕೋಡ್‌ಡೇಟಾ ಮಾಡ್ಯೂಲ್ ಆ ಕೆಲಸ ಮಾಡುತ್ತದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಮುಂದಿನ ಅಕ್ಷರ ಒತ್ತಾಗದಂತೆ ನಡುವೆ ಕೂರುವ ಕಣ್ಣಿಗೆ ಕಾಣದ ಚಿಹ್ನೆಯ ಕಥೆಯೂ ಇಂಥದ್ದೇ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಅದಕ್ಕೆ ನಿಮ್ಮದೇ ಒಂದು ನಿಯಮ ಬೇಕು. ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಇವನ್ನು ಪ್ರತಿ ಸಲವೂ, ಒಂದೂ ಬಿಡದೆ ಹಿಡಿಯುತ್ತದೆ. ಎಐ ಒಮ್ಮೆ ಹಿಡಿದು ಇನ್ನೊಮ್ಮೆ ಬಿಟ್ಟೀತು, ಮತ್ತು ಪ್ರತಿ ಸಲವೂ ದುಡ್ಡು ಕೇಳುತ್ತದೆ.

ಎಐಗೆ ಉಳಿಯುವುದು ನಿಯಮಕ್ಕೆ ಸಿಗದ ಕೆಲಸ. ಈ ಅರ್ಥ ಹಿಂದಿದ್ದ ಅರ್ಥಕ್ಕೆ ವಿರುದ್ಧವಾಗಿದೆಯೇ? ಬಂದ ಇಶ್ಯೂ ದೋಷದ ವರದಿಯೇ, ಹೊಸ ಪದದ ಕೋರಿಕೆಯೇ? ಪರೀಕ್ಷೆ ಸೋತಿದ್ದರೆ ಇನ್ನೂರು ಸಾಲಿನ ಲಾಗ್‌ನಲ್ಲಿ ನಿಜವಾದ ಕಾರಣ ಯಾವ ಸಾಲಿನಲ್ಲಿದೆ? ಹೊಸ ಆವೃತ್ತಿ ಬಿಡುವಾಗ ಏನೇನು ಬದಲಾಯಿತು? ಪದದ ಅರ್ಥವನ್ನೇ ಅದರಿಂದ ಬರೆಸುವ ಆಸೆ ಬೇಡ. ಹಳ್ಳಿಗಾಡಿನ ಪದ, ಕಸುಬಿನ ಪದ ಬಂದಾಗ ಈ ಮಾದರಿಗಳು ಗೊತ್ತಿಲ್ಲ ಎನ್ನುವ ಬದಲು ನಂಬುವಂಥ ಸುಳ್ಳು ಅರ್ಥ ಕೊಡುವುದುಂಟು. ನಿಘಂಟಿಗೆ ಒಮ್ಮೆ ಸೇರಿದ ಸುಳ್ಳು ಅಲ್ಲಿಂದ ಹತ್ತು ಆ್ಯಪ್‌ಗಳಿಗೆ ಹರಡುತ್ತದೆ.

ಎರಡು ಬಗೆಯ ಜೋಡಣೆ

ಒಂದು ಬಗೆಯಲ್ಲಿ ಸಹಾಯಕ ನಿಮ್ಮ ಕಂಪ್ಯೂಟರಿನಲ್ಲಿರುತ್ತದೆ, ನೀವು ಕೇಳಿದಾಗ ಗಿಟ್‌ಹಬ್‌ಗೆ ಹೋಗಿ ಇಶ್ಯೂಗಳನ್ನೋ ಕೋಡನ್ನೋ ಓದಿ ಬಂದು ಉತ್ತರಿಸುತ್ತದೆ. ಇನ್ನೊಂದರಲ್ಲಿ ಅದು ಗಿಟ್‌ಹಬ್‌ನೊಳಗೇ ಓಡುತ್ತದೆ. ಪುಲ್ ರಿಕ್ವೆಸ್ಟ್ ಬಂದಾಗ, ಇಶ್ಯೂ ತೆರೆದಾಗ ಅಥವಾ ನೀವು ಗೊತ್ತುಮಾಡಿದ ಗಂಟೆಗೆ ತಾನಾಗಿ ಶುರುವಾಗುತ್ತದೆ. ಮೊದಲನೆಯದರಲ್ಲಿ ನೀವು ಎದುರಿಗೆ ಕೂತಿರುತ್ತೀರಿ, ದಾರಿ ತಪ್ಪಿದರೆ ತಡೆಯಬಹುದು. ಎರಡನೆಯದು ನೀವು ನಿದ್ದೆಯಲ್ಲಿದ್ದಾಗಲೂ ನಡೆಯುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಕೆಲವು ವಾರ ಕೈ ಪಳಗಿಸಿಕೊಂಡು, ಅದರ ಬಲ–ದೌರ್ಬಲ್ಯ ತಿಳಿದ ಮೇಲೆ ಎರಡನೆಯದಕ್ಕೆ ಹೋಗುವುದು ಒಳ್ಳೆಯದು.

ಎರಡಕ್ಕೂ ಅನುಮತಿ ಬೇಕು, ಅನುಮತಿ ಸಿಗುವುದು ಟೋಕನ್ ಅಥವಾ ಆ್ಯಪ್ ಮೂಲಕ. ಗಿಟ್ ಕೆಲಸಗಳಿಗೆ ಬರೀ ಪಾಸ್‌ವರ್ಡ್ ಒಪ್ಪುವುದನ್ನು ಗಿಟ್‌ಹಬ್ 2021ರ ಆಗಸ್ಟ್ 13ರಿಂದಲೇ ನಿಲ್ಲಿಸಿದೆ. ಈಗಿರುವ ಟೋಕನ್‌ಗಳಲ್ಲಿ ಹಳೆಯ ‘ಕ್ಲಾಸಿಕ್’ ಬಗೆ ಒಂದು, ‘ಫೈನ್‌ ಗ್ರೇನ್ಡ್’ ಬಗೆ ಇನ್ನೊಂದು. ಕ್ಲಾಸಿಕ್ ಟೋಕನ್‌ಗೆ ‘ರೆಪೊ’ ಎಂಬ ಒಂದು ಗುರುತು ಹಾಕಿದರೆ ಮುಗಿಯಿತು, ನಿಮಗೆ ಪ್ರವೇಶವಿರುವ ಎಲ್ಲ ರೆಪೊಗಳು, ಖಾಸಗಿಯವೂ ಸೇರಿ, ಅದರ ಹಿಡಿತಕ್ಕೆ ಬರುತ್ತವೆ. ಅಡುಗೆಮನೆ ಗುಡಿಸಲು ಬಂದವರಿಗೆ ಇಡೀ ಮನೆಯ ಬೀಗದಕೈ ಗೊಂಚಲು ಕೊಟ್ಟಂತೆ. ಕಚೇರಿಯ ರೆಪೊಗಳೂ ಅದೇ ಖಾತೆಯಲ್ಲಿದ್ದರಂತೂ ಹವ್ಯಾಸದ ಪದಕೋಶಕ್ಕೆಂದು ಮಾಡಿದ ಟೋಕನ್ ಸಂಸ್ಥೆಯ ಕೋಡನ್ನೂ ಓದಬಲ್ಲದು.

ಆದ್ದರಿಂದ ಫೈನ್‌ ಗ್ರೇನ್ಡ್ ಟೋಕನ್ನನ್ನೇ ಮಾಡಿ. ನಿಮ್ಮ ಖಾತೆಯ ಸೆಟ್ಟಿಂಗ್ಸ್ ತೆರೆದು, ಎಡಪಟ್ಟಿಯ ಕೊನೆಯಲ್ಲಿರುವ ಡೆವಲಪರ್ ಸೆಟ್ಟಿಂಗ್ಸ್‌ಗೆ ಹೋಗಿ, ಪರ್ಸನಲ್ ಆ್ಯಕ್ಸೆಸ್ ಟೋಕನ್ಸ್ ಒಳಗೆ ಇದು ಸಿಗುತ್ತದೆ. ‘ಆಯ್ದ ರೆಪೊಗಳು ಮಾತ್ರ’ ಎಂಬರ್ಥದ ಆಯ್ಕೆ ಒತ್ತಿ ಪದಕೋಶದ ರೆಪೊ ಒಂದನ್ನೇ ಸೇರಿಸಿ. ಕೆಳಗೆ ಅನುಮತಿಗಳ ಉದ್ದ ಪಟ್ಟಿ ಬರುತ್ತದೆ. ಕಂಟೆಂಟ್ಸ್, ಇಶ್ಯೂಸ್, ಪುಲ್ ರಿಕ್ವೆಸ್ಟ್ಸ್ ಈ ಮೂರಕ್ಕೆ ‘ಓದು’ ಮಾತ್ರ ಕೊಡಿ, ಉಳಿದವನ್ನು ಮುಟ್ಟಬೇಡಿ. ಮೆಟಾಡೇಟಾ ಓದುವ ಅನುಮತಿ ತಾನಾಗಿ ಸೇರಿಕೊಳ್ಳುತ್ತದೆ, ಅದರಿಂದ ತೊಂದರೆಯಿಲ್ಲ. ಅವಧಿ 30 ದಿನ ಇಡಿ. ತಿಂಗಳಿಗೊಮ್ಮೆ ಹೊಸದು ಮಾಡುವ ಕಿರಿಕಿರಿ ಇದೆ, ನಿಜ. ಮರೆತು ಹೋದ ಟೋಕನ್ ಎರಡು ವರ್ಷದ ನಂತರ ಯಾರದೋ ಹಳೆಯ ಲ್ಯಾಪ್‌ಟಾಪಿನಲ್ಲಿ ಜೀವಂತವಾಗಿರುವುದಕ್ಕಿಂತ ಈ ಕಿರಿಕಿರಿ ಎಷ್ಟೋ ಮೇಲು.

ಟೋಕನ್ ಯಾವ ಕಾರಣಕ್ಕೂ ಕಡತದೊಳಗೆ ಸೇರಿ ಕಮಿಟ್ ಆಗಬಾರದು. ಆಗಿಬಿಟ್ಟರೆ ಮುಂದಿನ ಕಮಿಟ್‌ನಲ್ಲಿ ಅಳಿಸಿ ಸುಮ್ಮನಾಗಬೇಡಿ, ಗಿಟ್‌ನ ಇತಿಹಾಸದಲ್ಲಿ ಅದು ಹಾಗೇ ಉಳಿದಿರುತ್ತದೆ. ಮೊದಲು ಟೋಕನ್ನನ್ನೇ ರದ್ದುಮಾಡಿ, ಇತಿಹಾಸ ತೊಳೆಯುವ ಮಾತು ಆಮೇಲೆ.

ಮೇಜಿನ ಮೇಲಿನ ಸಹಾಯಕ

2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಚಿಕ್ಕದಾಗಿ ಎಂಸಿಪಿ, ಎಂಬ ಮುಕ್ತ ಸಂವಹನ ನಿಯಮವನ್ನು ಹೊರತಂದಿತು. ಎಐ ಸಹಾಯಕ ಹೊರಗಿನ ಸೇವೆಯೊಂದನ್ನು ಹೇಗೆ ಬಳಸಬೇಕು ಎಂಬುದಕ್ಕೆ ಒಂದು ಸಮಾನ ರೀತಿ ಅದು. ಬಳಿಕ ಓಪನ್‌ಎಐ, ಗೂಗಲ್, ಮೈಕ್ರೊಸಾಫ್ಟ್ ಕೂಡ ಅದನ್ನು ಒಪ್ಪಿಕೊಂಡವು. ಹಾಗಾಗಿ ನೀವು ಬಳಸುವುದು ಕ್ಲಾಡ್ ಆಗಲಿ, ವಿಎಸ್ ಕೋಡ್‌ನೊಳಗಿನ ಕೋಪೈಲಟ್ ಆಗಲಿ, ಜೋಡಣೆಯ ಕ್ರಮ ಹೆಚ್ಚುಕಡಿಮೆ ಒಂದೇ.

ಗಿಟ್‌ಹಬ್ ತನ್ನದೇ ಎಂಸಿಪಿ ಸರ್ವರ್ ಕೊಡುತ್ತದೆ. ಅದು ಎರಡು ರೂಪದಲ್ಲಿದೆ. ಗಿಟ್‌ಹಬ್ ತಾನೇ ನಡೆಸುವ ದೂರದ ಸರ್ವರ್ ಒಂದು. ಸಹಾಯಕದ ಸೆಟ್ಟಿಂಗ್‌ನಲ್ಲಿ ಅದರ ವಿಳಾಸ ಕೊಟ್ಟು, ಬ್ರೌಸರ್‌ನಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಟ್ಟರೆ ಆಯಿತು. ಇನ್ನೊಂದು ಡಾಕರ್ ಮೂಲಕ ನಿಮ್ಮ ಯಂತ್ರದಲ್ಲೇ ಓಡುವಂಥದ್ದು, ಇದಕ್ಕೆ ಮೇಲೆ ಹೇಳಿದ ಟೋಕನ್ ಬೇಕು. ಹೊಸಬರಿಗೆ ದೂರದ ಸರ್ವರ್ ಸುಲಭ. ನನ್ನ ಒಲವು ಮಾತ್ರ ಎರಡನೆಯದರ ಕಡೆಗೆ, ಏಕೆಂದರೆ ಒಂದೇ ರೆಪೊಗೆ ಸೀಮಿತವಾದ ಟೋಕನ್ ನೀವೇ ಮಾಡಿರುತ್ತೀರಿ, ಗಡಿ ಎಲ್ಲಿದೆ ಎಂಬುದು ನಿಮಗೆ ಖಚಿತವಾಗಿ ಗೊತ್ತಿರುತ್ತದೆ. ಯಾವುದೇ ಇರಲಿ, ‘ಓದಲು ಮಾತ್ರ’ ಎಂಬ ಸ್ಥಿತಿ ಎರಡರಲ್ಲೂ ಇದೆ, ಮೊದಲ ದಿನದಿಂದಲೇ ಅದನ್ನು ಹಾಕಿಕೊಳ್ಳಿ. ಸರ್ವರ್‌ನ ಸಾಧನಗಳು ರೆಪೊ, ಇಶ್ಯೂ, ಪುಲ್ ರಿಕ್ವೆಸ್ಟ್, ಆ್ಯಕ್ಷನ್ಸ್ ಹೀಗೆ ಗುಂಪುಗಳಾಗಿವೆ. ಬೇಕಾದ ಗುಂಪುಗಳನ್ನಷ್ಟೇ ತೆರೆದರೆ ಸಹಾಯಕಕ್ಕೆ ಗೊಂದಲವೂ ಕಡಿಮೆ.

ಜೋಡಿಸಿದ ಕೂಡಲೇ ಕೆಲಸಕ್ಕಿಳಿಯುವ ಮುನ್ನ ಗಡಿಯನ್ನು ಪರೀಕ್ಷಿಸಿ. ನೀವು ಅನುಮತಿ ಕೊಡದ ನಿಮ್ಮ ಬೇರೊಂದು ಖಾಸಗಿ ರೆಪೊದ ಹೆಸರು ಹೇಳಿ, ಅದರಲ್ಲಿ ಏನಿದೆ ಎಂದು ಕೇಳಿ. ಉತ್ತರ ಬಂದರೆ ಟೋಕನ್ ನೀವು ಅಂದುಕೊಂಡದ್ದಕ್ಕಿಂತ ಅಗಲವಾಗಿದೆ ಎಂದರ್ಥ. ಆಮೇಲೆ ಒಂದು ಇಶ್ಯೂ ತೆರೆಯಲು ಹೇಳಿ. ಓದುವ ಅನುಮತಿ ಮಾತ್ರವಿದ್ದರೆ ಅದು ಸೋಲಬೇಕು. ಇವೆರಡೂ ಸೋತರೆ ಜೋಡಣೆ ಸರಿಯಾಗಿದೆ.

ಆನಂತರದ ಕೆಲಸ ಸಂತೋಷದ್ದು. ಮೂರು ತಿಂಗಳಿನಿಂದ ತೆರೆದೇ ಇರುವ ಇಶ್ಯೂಗಳಲ್ಲಿ ಒಂದೇ ವಿಷಯ ಹೇಳುವವು ಯಾವುವು ಎಂದು ಕೇಳಬಹುದು. ಈ ಪುಲ್ ರಿಕ್ವೆಸ್ಟ್‌ನಲ್ಲಿ ತಿದ್ದಿರುವ ಪದಗಳನ್ನು ಹಳೆಯ ಅರ್ಥದ ಪಕ್ಕದಲ್ಲಿಟ್ಟು ತೋರಿಸು ಎನ್ನಬಹುದು. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಬಹುದು. ಪ್ರತಿ ಉತ್ತರದ ಜೊತೆ ಇಶ್ಯೂ ಸಂಖ್ಯೆ, ಕಡತದ ಹೆಸರು, ಸಾಲಿನ ಸಂಖ್ಯೆ ಕೊಡಲು ಹೇಳುವುದನ್ನು ಮರೆಯಬೇಡಿ. ಆಧಾರ ತೋರಿಸದ ಉತ್ತರವನ್ನು ತಾಳೆ ನೋಡುವುದು ಹೇಗೆ?

ತಾನಾಗಿ ನಡೆಯುವ ಕೆಲಸ

ಇನ್ನು ಗಿಟ್‌ಹಬ್ ಆ್ಯಕ್ಷನ್ಸ್. 2019ರ ನವೆಂಬರ್‌ನಿಂದ ಎಲ್ಲರಿಗೂ ಸಿಗುತ್ತಿರುವ ಈ ಸೌಲಭ್ಯದಲ್ಲಿ ಕೆಲಸದ ವಿವರವನ್ನು ವೈಎಎಂಎಲ್ ಕಡತವಾಗಿ ಬರೆದು, ಹೆಸರಿನ ಮೊದಲು ಚುಕ್ಕಿ ಇರುವ ಗಿಟ್‌ಹಬ್ ಫೋಲ್ಡರ್‌ನೊಳಗಿನ ವರ್ಕ್‌ಫ್ಲೋಸ್ ಫೋಲ್ಡರ್‌ನಲ್ಲಿ ಇಡಬೇಕು. ಯಾವಾಗ ಓಡಬೇಕು, ಯಾವ ಅನುಮತಿಯೊಂದಿಗೆ, ಏನು ಮಾಡಬೇಕು ಎಂಬ ಮೂರು ವಿಷಯ ಅದರಲ್ಲಿರುತ್ತದೆ. ಸಿದ್ಧ ಮಾದರಿಯನ್ನು ನಕಲು ಮಾಡುವವರು ಮೊದಲ ಮತ್ತು ಮೂರನೆಯದನ್ನು ಓದಿ ನಡುವಿನದನ್ನು ಹಾರಿಸಿಬಿಡುತ್ತಾರೆ. ನೋಡಬೇಕಾದದ್ದು ಆ ನಡುವಿನದನ್ನೇ.

ಪ್ರತಿ ಓಟಕ್ಕೂ ಗಿಟ್‌ಹಬ್ ತಾತ್ಕಾಲಿಕ ಟೋಕನ್ ಒಂದನ್ನು ತಾನೇ ಕೊಡುತ್ತದೆ, ಕೆಲಸ ಮುಗಿದಾಗ ಅದು ಸಾಯುತ್ತದೆ. ಅದರ ಅನುಮತಿಗಳನ್ನು ಕಡತದಲ್ಲಿ ಬರೆದರೆ, ಬರೆಯದೇ ಬಿಟ್ಟವೆಲ್ಲ ಇಲ್ಲ ಎಂದಾಗುತ್ತವೆ. ನಮ್ಮ ಪದಕೋಶಕ್ಕೆ ಎರಡು ಸಾಲು ಸಾಕು: ಕಂಟೆಂಟ್ಸ್ ಓದಬಹುದು, ಪುಲ್ ರಿಕ್ವೆಸ್ಟ್‌ನಲ್ಲಿ ಬರೆಯಬಹುದು. ಇಷ್ಟರಿಂದ ಸಹಾಯಕ ಟಿಪ್ಪಣಿ ಹಾಕಬಲ್ಲದು. ಮರ್ಜ್ ಮಾಡಲು ಕಂಟೆಂಟ್ಸ್ ಬರೆಯುವ ಅನುಮತಿ ಬೇಕಾದ್ದರಿಂದ ಅದು ತಾನಾಗಿ ಮರ್ಜ್ ಮಾಡುವ ಪ್ರಶ್ನೆಯೇ ಇಲ್ಲ. ಮಾದರಿ ಎಷ್ಟೇ ಜಾಣವಾಗಿರಲಿ, ಎಷ್ಟೇ ದಾರಿ ತಪ್ಪಲಿ, ಈ ಟೋಕನ್ ಹಿಡಿದು ಈ ಎರಡು ಸಾಲಿನ ಆಚೆ ಹೋಗಲಾರದು. ಸೂಚನೆಯಲ್ಲಿ ‘ದಯವಿಟ್ಟು ಮರ್ಜ್ ಮಾಡಬೇಡ’ ಎಂದು ಬರೆದು ನಂಬುವುದಕ್ಕೂ ಇದಕ್ಕೂ ಅಜಗಜಾಂತರ. ರೆಪೊದ ಆ್ಯಕ್ಷನ್ಸ್ ಸೆಟ್ಟಿಂಗ್‌ನಲ್ಲಿ, ಪುಲ್ ರಿಕ್ವೆಸ್ಟ್‌ಗಳನ್ನು ತೆರೆಯಲು ಮತ್ತು ಅನುಮೋದಿಸಲು ಆ್ಯಕ್ಷನ್ಸ್‌ಗೆ ಬಿಡಬೇಕೇ ಎಂದು ಕೇಳುವ ಚೌಕವೊಂದಿದೆ. ಅದು ಖಾಲಿಯೇ ಇರಲಿ.

ಎಐ ಸೇವೆಯ ಎಪಿಐ ಕೀಲಿಯನ್ನು ರೆಪೊದ ಸೆಟ್ಟಿಂಗ್ಸ್‌ನಲ್ಲಿ ಸೀಕ್ರೆಟ್ಸ್ ಎಂಬ ಕಡೆ ಇಡಬೇಕು. ಲಾಗ್‌ನಲ್ಲಿ ಅದು ನಕ್ಷತ್ರಗಳಾಗಿ ಮುಚ್ಚಿಕೊಳ್ಳುತ್ತದೆ, ಆದರೆ ರೂಪ ಬದಲಿಸಿ ಮುದ್ರಿಸಿದರೆ ಮುಚ್ಚಿಕೊಳ್ಳುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ಇಲ್ಲಿ ಬಹಳ ಜನ ಮುಗ್ಗರಿಸುವ ಒಂದು ಹಂತವಿದೆ. ಸ್ವಂತ ಬ್ರಾಂಚ್‌ನಿಂದ ಪ್ರಯೋಗ ಮಾಡುವಾಗ ಎಲ್ಲ ಚೆನ್ನಾಗಿ ನಡೆಯುತ್ತದೆ. ಹೊರಗಿನವರು ತಮ್ಮ ಫೋರ್ಕ್‌ನಿಂದ ಪುಲ್ ರಿಕ್ವೆಸ್ಟ್ ಕಳಿಸಿದಾಗ ಸಹಾಯಕ ಮಾತೇ ಆಡುವುದಿಲ್ಲ. ದೋಷ ನಿಮ್ಮದಲ್ಲ. ಸಾರ್ವಜನಿಕ ರೆಪೊಗೆ ಫೋರ್ಕ್‌ನಿಂದ ಬಂದ ಪುಲ್ ರಿಕ್ವೆಸ್ಟ್‌ಗೆ ಗಿಟ್‌ಹಬ್ ಸೀಕ್ರೆಟ್‌ಗಳನ್ನು ಕೊಡುವುದಿಲ್ಲ, ಟೋಕನ್ ಕೂಡ ಓದುವುದಕ್ಕೆ ಮಾತ್ರ. ಕೊಟ್ಟಿದ್ದರೆ ಯಾರು ಬೇಕಾದರೂ ಕೋಡ್ ತಿದ್ದಿ ನಿಮ್ಮ ಕೀಲಿ ಕದಿಯಬಹುದಿತ್ತು. ಇದನ್ನು ದಾಟಲು ಅಂತರ್ಜಾಲದಲ್ಲಿ ಸಿಗುವ ಸುಲಭ ಸಲಹೆ ಎಂದರೆ ‘ಪುಲ್ ರಿಕ್ವೆಸ್ಟ್ ಟಾರ್ಗೆಟ್’ ಎಂಬ ಬೇರೆ ಘಟನೆಯನ್ನು ಬಳಸುವುದು. ಅದಕ್ಕೆ ಸೀಕ್ರೆಟ್‌ಗಳು ಸಿಗುತ್ತವೆ. ಅದರ ಜೊತೆ ಹೊರಗಿನವರ ಕೋಡನ್ನು ಇಳಿಸಿಕೊಂಡು ಓಡಿಸಿದರೆ, ಗಿಟ್‌ಹಬ್ ತಡೆದ ಅದೇ ಕಳ್ಳತನಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ತಂಡದ ಮೂವರಲ್ಲಿ ಒಬ್ಬರು ಪುಲ್ ರಿಕ್ವೆಸ್ಟ್ ಮೇಲೆ ಕಣ್ಣಾಡಿಸಿ, ಸಹಾಯಕವನ್ನು ಹೆಸರು ಹಿಡಿದು ಕರೆದಾಗ ಮಾತ್ರ ಅದು ಏಳಲಿ. ಹೀಗೆ ಟಿಪ್ಪಣಿಯಿಂದ ಶುರುವಾಗುವ ವರ್ಕ್‌ಫ್ಲೋ ನಿಮ್ಮ ಮುಖ್ಯ ಬ್ರಾಂಚ್‌ನಲ್ಲಿರುವ ಕಡತವನ್ನೇ ಓಡಿಸುತ್ತದೆ, ಫೋರ್ಕ್‌ನಲ್ಲಿ ಯಾರು ಏನು ತಿದ್ದಿದ್ದರೂ ಲೆಕ್ಕಕ್ಕಿಲ್ಲ. ಆಂಥ್ರೊಪಿಕ್ ಕೊಡುವ ಕ್ಲಾಡ್ ಕೋಡ್ ಆ್ಯಕ್ಷನ್ ಈ ರೀತಿಯೇ ನಡೆಯುತ್ತದೆ. ರೆಪೊದಲ್ಲಿ ಬರೆಯುವ ಹಕ್ಕಿರುವವರು ಕರೆದರೆ ಮಾತ್ರ ಓಗೊಡುವುದು ಅದರ ಸಹಜ ಸ್ಥಿತಿ. ಆ ಸ್ಥಿತಿಯನ್ನು ಸಡಿಲಿಸಬೇಡಿ. ಸಹಾಯಕಕ್ಕೆ ಬದಲಾವಣೆಯ ಸಾಲುಗಳನ್ನು ಓದಲು ಕೊಡಿ, ಹೊರಗಿನವರ ಕೋಡನ್ನು ಓಡಿಸಲು ಬಿಡಬೇಡಿ. ಮನುಷ್ಯರೊಬ್ಬರು ಕರೆದಾಗ ಮಾತ್ರ ಓಡುವುದರಿಂದ ಖರ್ಚೂ ಹಿಡಿತದಲ್ಲಿರುತ್ತದೆ.

ಇನ್ನೊಂದು ಗೊಂದಲ. ವರ್ಕ್‌ಫ್ಲೋದ ತಾತ್ಕಾಲಿಕ ಟೋಕನ್‌ನಿಂದ ನಡೆದ ಕೆಲಸ, ಒಂದೆರಡು ಅಪವಾದ ಬಿಟ್ಟರೆ, ಮತ್ತೊಂದು ವರ್ಕ್‌ಫ್ಲೋವನ್ನು ಎಬ್ಬಿಸುವುದಿಲ್ಲ. ಕೊನೆಯಿಲ್ಲದ ಸುತ್ತು ತಪ್ಪಿಸಲು ಗಿಟ್‌ಹಬ್ ಹಾಗೆ ಮಾಡಿದೆ. ಬಾಟ್ ತೆರೆದ ಪುಲ್ ರಿಕ್ವೆಸ್ಟ್‌ಗೆ ನಿಮ್ಮ ಪರೀಕ್ಷೆಗಳು ಓಡಲಿಲ್ಲವೇಕೆ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದೇ. ಕೆಲವರು ಅದನ್ನು ‘ಸರಿಮಾಡಲು’ ತಮ್ಮ ಸ್ವಂತ ಟೋಕನ್ನನ್ನು ಅಲ್ಲಿ ಹಾಕುತ್ತಾರೆ. ಆಗ ಬಾಟ್‌ನ ಟಿಪ್ಪಣಿ ಬಾಟನ್ನೇ ಎಬ್ಬಿಸಿ, ಅದು ಇನ್ನೊಂದು ಟಿಪ್ಪಣಿ ಬರೆದು, ಬೆಳಗಾಗುವಷ್ಟರಲ್ಲಿ ಎಐ ಬಿಲ್ ಏರಿರುತ್ತದೆ. ಬೇರೆ ಗುರುತು ಬೇಕೇ ಬೇಕೆಂದರೆ ಗಿಟ್‌ಹಬ್ ಆ್ಯಪ್ ಒಂದನ್ನು ಮಾಡಿ, ಮತ್ತು ಟಿಪ್ಪಣಿ ಬರೆದವರು ಬಾಟ್ ಆಗಿದ್ದರೆ ಓಡಬೇಡ ಎಂಬ ಷರತ್ತು ಸೇರಿಸಿ.

ಸಮಯಕ್ಕೆ ಸರಿಯಾಗಿ ಓಡಬೇಕಾದ ಕೆಲಸಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಂಟೆಯನ್ನು ಯುಟಿಸಿ ಲೆಕ್ಕದಲ್ಲಿ ಬರೆಯುವುದು ವಾಡಿಕೆ. ಬೆಳಗಿನ 7ಕ್ಕೆ ತೆರೆದ ಇಶ್ಯೂಗಳ ಸಾರಾಂಶ ಬೇಕಿದ್ದರೆ 1.30 ಎಂದು ಕೊಡಬೇಕು, ನಮ್ಮದು ಐದೂವರೆ ಗಂಟೆ ಮುಂದೆ. ಸಾರ್ವಜನಿಕ ರೆಪೊದಲ್ಲಿ 60 ದಿನ ಯಾವ ಚಟುವಟಿಕೆಯೂ ಇಲ್ಲದಿದ್ದರೆ ಇಂಥ ವೇಳಾಪಟ್ಟಿ ತಾನಾಗಿ ನಿಂತುಹೋಗುತ್ತದೆ.

ಅಪರಿಚಿತರು ಬರೆದ ಸಾಲುಗಳು

2025ರ ಮೇ ತಿಂಗಳಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ಒಂದು ಪ್ರಾತ್ಯಕ್ಷಿಕೆ ತೋರಿಸಿತು. ಸಾರ್ವಜನಿಕ ರೆಪೊ ಒಂದರಲ್ಲಿ ಸಾಮಾನ್ಯವಾಗಿ ಕಾಣುವ ಇಶ್ಯೂ ತೆರೆದು, ಅದರೊಳಗೆ ಎಐಗೆ ಆದೇಶದಂತಿರುವ ಸಾಲುಗಳನ್ನು ಸೇರಿಸಿದರು. ರೆಪೊದ ಮಾಲೀಕ ತನ್ನ ಸಹಾಯಕಕ್ಕೆ ‘ತೆರೆದ ಇಶ್ಯೂಗಳನ್ನು ನೋಡು’ ಎಂದಷ್ಟೇ ಹೇಳುತ್ತಾನೆ. ಸಹಾಯಕ ಆ ಇಶ್ಯೂ ಓದುತ್ತದೆ, ಅದರೊಳಗಿನ ಆದೇಶವನ್ನು ಮಾಲೀಕನದೇ ಎಂಬಂತೆ ಪಾಲಿಸಿ, ಖಾಸಗಿ ರೆಪೊಗಳ ಮಾಹಿತಿಯನ್ನು ತೆಗೆದು ಸಾರ್ವಜನಿಕ ಪುಲ್ ರಿಕ್ವೆಸ್ಟ್‌ನಲ್ಲಿ ಹಾಕಿಬಿಡುತ್ತದೆ. ಸರ್ವರ್‌ನ ಕೋಡ್ ಒಡೆಯಲಿಲ್ಲ, ಪಾಸ್‌ವರ್ಡ್ ಕದಿಯಲಿಲ್ಲ. ಸಾಕಾದದ್ದು ನಾಲ್ಕು ಸಾಲು ಬರಹ.

ಇಂದಿನ ಭಾಷಾ ಮಾದರಿಗಳ ಮೂಲಭೂತ ಕೊರತೆ ಇದು. ಓದಬೇಕಾದ ಪಠ್ಯ ಯಾವುದು, ಪಾಲಿಸಬೇಕಾದ ಆದೇಶ ಯಾವುದು ಎಂದು ಅವು ಖಚಿತವಾಗಿ ಬೇರ್ಪಡಿಸಲಾರವು. ಸುಧಾರಣೆ ಆಗುತ್ತಿದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಅಪಾಯ ಹುಟ್ಟುವುದು ಮೂರು ಸಂಗತಿ ಒಂದೆಡೆ ಸೇರಿದಾಗ. ಖಾಸಗಿ ಮಾಹಿತಿಗೆ ಪ್ರವೇಶ, ಅಪರಿಚಿತರ ಪಠ್ಯವನ್ನು ಓದುವ ಅವಕಾಶ, ಹೊರಗೆ ಏನನ್ನಾದರೂ ಕಳಿಸುವ ದಾರಿ. ತಂತ್ರಾಂಶ ಲೇಖಕ ಸೈಮನ್ ವಿಲಿಸನ್ ಇದನ್ನು 2025ರಲ್ಲಿ ವಿವರವಾಗಿ ಬರೆದರು. ನಮ್ಮ ಪದಕೋಶದ ರೆಪೊ ಅಪರಿಚಿತರಿಗೆಂದೇ ತೆರೆದಿರುವುದು, ಎರಡನೆಯದನ್ನು ತಪ್ಪಿಸಲಾಗದು. ಸಹಾಯಕ ಟಿಪ್ಪಣಿ ಹಾಕಲೇಬೇಕು, ಮೂರನೆಯದೂ ಉಳಿಯುತ್ತದೆ. ಕತ್ತರಿಸಬಹುದಾದದ್ದು ಮೊದಲನೆಯದು. ಒಂದೇ ರೆಪೊಗೆ ಸೀಮಿತವಾದ ಟೋಕನ್ನಿಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿ. ಅಲ್ಲಿ ಕದಿಯಲು ಖಾಸಗಿಯಾದದ್ದು ಏನೂ ಇಲ್ಲದಿದ್ದರೆ ಆದೇಶ ಪಾಲಿಸಿದರೂ ಹೋಗುವುದು ಕಡಿಮೆ.

ಇದೇ ಜಾತಿಯ ಹಳೆಯ ಅಪಾಯ ಎಐ ಇಲ್ಲದೆಯೂ ಇದೆ. ಇಶ್ಯೂವಿನ ಶೀರ್ಷಿಕೆಯನ್ನು ವರ್ಕ್‌ಫ್ಲೋದ ಶೆಲ್ ಆಜ್ಞೆಯೊಳಗೆ ನೇರವಾಗಿ ಸೇರಿಸಿದರೆ, ಶೀರ್ಷಿಕೆಯಲ್ಲೇ ಆಜ್ಞೆ ಬರೆದವರು ಅದನ್ನು ನಿಮ್ಮ ವರ್ಕ್‌ಫ್ಲೋ ಓಡುವ ಯಂತ್ರದಲ್ಲಿ ಓಡಿಸಬಹುದು. ಅದನ್ನು ಮೊದಲು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಹಾಕಿ, ಅಲ್ಲಿಂದ ಉದ್ಧರಣ ಚಿಹ್ನೆಯೊಳಗೆ ಬಳಸಿ.

ಬೇರೆಯವರು ಮಾಡಿಟ್ಟ ಆ್ಯಕ್ಷನ್‌ಗಳನ್ನು ಬಳಸುವಾಗಲೂ ಎಚ್ಚರ ಬೇಕು. 2025ರ ಮಾರ್ಚ್‌ನಲ್ಲಿ ಟಿಜೆ-ಆ್ಯಕ್ಷನ್ಸ್ ಬಳಗದ, ಯಾವ ಕಡತಗಳು ಬದಲಾದವು ಎಂದು ಹೇಳುವ ಒಂದು ಜನಪ್ರಿಯ ಆ್ಯಕ್ಷನ್‌ನೊಳಗೆ ದಾಳಿಕೋರರು ಕೆಟ್ಟ ಕೋಡ್ ಸೇರಿಸಿದರು. 23,000ಕ್ಕೂ ಹೆಚ್ಚು ರೆಪೊಗಳು ಅದನ್ನು ಬಳಸುತ್ತಿದ್ದವು. ಹಳೆಯ ಆವೃತ್ತಿಗಳ ಟ್ಯಾಗ್‌ಗಳನ್ನೇ ಹೊಸ ಕೆಟ್ಟ ಕಮಿಟ್‌ನತ್ತ ತಿರುಗಿಸಿದ್ದರಿಂದ, ಆವೃತ್ತಿ ಬದಲಿಸದೆ ಸುಮ್ಮನಿದ್ದವರೂ ಸಿಕ್ಕಿಬಿದ್ದರು. ಅದು ಸೀಕ್ರೆಟ್‌ಗಳನ್ನು ರೂಪ ಬದಲಿಸಿ ಲಾಗ್‌ನಲ್ಲಿ ಮುದ್ರಿಸುತ್ತಿತ್ತು. ಸಾರ್ವಜನಿಕ ರೆಪೊದ ಲಾಗ್ ಎಲ್ಲರೂ ಓದಬಹುದಾದದ್ದು. ಇದಕ್ಕೆ ಪರಿಹಾರ, ಆವೃತ್ತಿಯ ಹೆಸರಿನ ಬದಲು 40 ಅಕ್ಷರಗಳ ಪೂರ್ಣ ಕಮಿಟ್ ಗುರುತನ್ನು ಬರೆಯುವುದು. ಟ್ಯಾಗನ್ನು ಬೇರೆಡೆಗೆ ತಿರುಗಿಸಬಹುದು, ಕಮಿಟ್ ಗುರುತನ್ನು ಹಾಗೆ ಮಾಡಲಾಗದು. ನೋಡಲು ಅಂದವಿಲ್ಲ, ಆದರೆ ಡಿಪೆಂಡಬಾಟ್ ಎಂಬ ಗಿಟ್‌ಹಬ್‌ನದೇ ಸಾಧನ ಹೊಸ ಆವೃತ್ತಿ ಬಂದಾಗ ಅದನ್ನೂ ನವೀಕರಿಸುವ ಪುಲ್ ರಿಕ್ವೆಸ್ಟ್ ಕಳಿಸುತ್ತದೆ.

ಇಷ್ಟಾದ ಮೇಲೂ ಮುಖ್ಯ ಬ್ರಾಂಚ್‌ಗೆ ರಕ್ಷಣೆ ಹಾಕಿ. ಪುಲ್ ರಿಕ್ವೆಸ್ಟ್ ಇಲ್ಲದೆ ಏನೂ ಒಳಬರಬಾರದು, ಒಬ್ಬ ಮನುಷ್ಯರಾದರೂ ಒಪ್ಪಿರಬೇಕು, ಪರೀಕ್ಷೆಗಳು ಪಾಸಾಗಿರಬೇಕು. ಸಾರ್ವಜನಿಕ ರೆಪೊಗೆ ಇದು ಉಚಿತ, ಖಾಸಗಿ ರೆಪೊಗೆ ಹಣ ಕೊಟ್ಟ ಖಾತೆ ಬೇಕು. ಕೋಡ್‌ಓನರ್ಸ್ ಕಡತದಲ್ಲಿ ವರ್ಕ್‌ಫ್ಲೋ ಫೋಲ್ಡರ್‌ಗೆ ತಂಡದ ಒಬ್ಬರನ್ನು ಹೊಣೆಗಾರರನ್ನಾಗಿ ಬರೆದು, ಅವರ ಒಪ್ಪಿಗೆ ಕಡ್ಡಾಯ ಎಂಬ ನಿಯಮವನ್ನೂ ಸೇರಿಸಿ. ಕಾವಲಿನ ನಿಯಮಗಳೇ ಇರುವ ಜಾಗ ಅದು.

ಸೂಚನೆ, ಖರ್ಚು, ಖಾಸಗಿತನ

ಸಹಾಯಕಕ್ಕೆ ರೆಪೊದ ರೀತಿರಿವಾಜು ತಿಳಿಸಲು ಒಂದು ಸೂಚನಾ ಕಡತ ಇಡುವುದು ರೂಢಿ. ಕ್ಲಾಡ್‌ಗೆ ಒಂದು ಹೆಸರು, ಕೋಪೈಲಟ್‌ಗೆ ಒಂದು ಹೆಸರು, ಹಲವು ಸಾಧನಗಳು ಒಪ್ಪುವ ‘ಏಜೆಂಟ್ಸ್’ ಎಂಬ ಸಾಮಾನ್ಯ ಹೆಸರೂ ಇದೆ. ಒಂದು ಪುಟ ಮೀರಬಾರದು. ಪದಕೋಶಕ್ಕೆ ನಾನು ಬರೆಯುವುದಾದರೆ ಇಷ್ಟು ಬರೆಯುತ್ತೇನೆ: ಆಡುಮಾತಿನ ರೂಪವನ್ನು ತಪ್ಪು ಎಂದು ತಿದ್ದಲು ಹೋಗಬೇಡ, ‘ಬಂದ್ಯಾ’ ಮತ್ತು ‘ಬಂದೆಯಾ’ ಎರಡಕ್ಕೂ ಇಲ್ಲಿ ಜಾಗವಿದೆ. ಅರ್ಥ ಖಚಿತವಿಲ್ಲದಿದ್ದರೆ ಊಹಿಸಬೇಡ, ಕಳಿಸಿದವರನ್ನು ಯಾವ ಸೀಮೆಯ ಬಳಕೆ ಎಂದು ಕೇಳು. ಮೊದಲ ಸಲ ಕಳಿಸಿದವರಿಗೆ ಕನ್ನಡದಲ್ಲಿ, ಗೌರವದಿಂದ ಉತ್ತರಿಸು. ಕೊನೆಯ ಮಾತು ನನಗೆ ಬಹಳ ಮುಖ್ಯ. ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ ಪದವನ್ನು ಕಳಿಸಿದವರಿಗೆ ಇಂಗ್ಲಿಷಿನ ಆರು ಆಕ್ಷೇಪಗಳ ಪಟ್ಟಿ ಹೋದರೆ ಅವರು ಇನ್ನೊಂದು ಪದ ಕಳಿಸುವುದಿಲ್ಲ.

ಖರ್ಚಿನಲ್ಲಿ ಎರಡು ಲೆಕ್ಕ. ಆ್ಯಕ್ಷನ್ಸ್‌ನ ಸಾಮಾನ್ಯ ಯಂತ್ರಗಳು ಸಾರ್ವಜನಿಕ ರೆಪೊಗೆ ಉಚಿತ, ಉಚಿತ ಖಾತೆಯ ಖಾಸಗಿ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ. ಎಐ ಸೇವೆಯ ಎಪಿಐ ಬಿಲ್ ಬೇರೆಯೇ ಬರುತ್ತದೆ. ಅಲ್ಲಿ ಎಣಿಕೆಯಾಗುವುದು ಪಠ್ಯದ ತುಣುಕುಗಳು, ಮತ್ತು ಹೆಚ್ಚಿನ ಮಾದರಿಗಳಲ್ಲಿ ಕನ್ನಡ ಪಠ್ಯ ಅದೇ ವಿಷಯದ ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗಿ ಒಡೆಯುತ್ತದೆ. ಇಡೀ ಪದಕೋಶ ಓದಿಸದೆ ಬದಲಾದ ಸಾಲುಗಳನ್ನಷ್ಟೇ ಕೊಡಿ. ಎಐ ಸೇವೆಯ ಖಾತೆಯಲ್ಲಿ ತಿಂಗಳ ಮಿತಿ ಹಾಕಿ. ವರ್ಕ್‌ಫ್ಲೋದ ಒಂದು ಕೆಲಸ ಸುಮ್ಮನೆ ಬಿಟ್ಟರೆ 6 ಗಂಟೆ ತನಕ ಓಡಬಲ್ಲದು, ಅದಕ್ಕೆ ಹತ್ತು ನಿಮಿಷದ ಮಿತಿ ಬರೆಯಿರಿ.

ಕಚೇರಿಯ ಕೋಡನ್ನು ಜೋಡಿಸುವವರು ಮೊದಲು ಸಂಸ್ಥೆಯ ಲಿಖಿತ ಅನುಮತಿ ಪಡೆಯಬೇಕು. ಕಳಿಸಿದ ಕೋಡನ್ನು ಮಾದರಿಯ ತರಬೇತಿಗೆ ಬಳಸುತ್ತಾರೆಯೇ ಎಂಬುದನ್ನು ಆ ಸೇವೆಯ ನಿಯಮದಲ್ಲಿ ಓದಿ ತಿಳಿಯಬೇಕು. ಪರೀಕ್ಷೆಗೆಂದು ನಿಜವಾದ ಗ್ರಾಹಕರ ಫೋನ್ ಸಂಖ್ಯೆ, ಆಧಾರ್ ಸಂಖ್ಯೆ ರೆಪೊದೊಳಗೆ ಇಟ್ಟಿದ್ದರೆ ಜೋಡಣೆಗೆ ಮುನ್ನ ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಶಿಸ್ತಿನ ಪ್ರಶ್ನೆಯಷ್ಟೇ ಅಲ್ಲ.

ಕಳಚುವ ಕ್ರಮ

ಜೋಡಿಸುವ ದಿನವೇ ಕಳಚುವುದನ್ನೂ ಒಮ್ಮೆ ಮಾಡಿ ನೋಡಿ. ಏನೋ ಸರಿಯಿಲ್ಲ ಅನಿಸಿದ ರಾತ್ರಿ ಮೆನು ಹುಡುಕುತ್ತಾ ಕೂರುವಂತಾಗಬಾರದು. ಮೊದಲು ಎಐ ಸೇವೆಯ ಖಾತೆಗೆ ಹೋಗಿ ಎಪಿಐ ಕೀಲಿಯನ್ನು ರದ್ದುಮಾಡಿ, ಆಗ ಖರ್ಚು ನಿಲ್ಲುತ್ತದೆ. ಆಮೇಲೆ ಗಿಟ್‌ಹಬ್‌ನ ಡೆವಲಪರ್ ಸೆಟ್ಟಿಂಗ್ಸ್‌ನಲ್ಲಿ ಟೋಕನ್ ಅಳಿಸಿ. ಸೆಟ್ಟಿಂಗ್ಸ್‌ನ ಅಪ್ಲಿಕೇಶನ್ಸ್ ಪುಟದಲ್ಲಿ ಸ್ಥಾಪಿಸಿದ ಆ್ಯಪ್‌ಗಳು, ಒಪ್ಪಿಗೆ ಕೊಟ್ಟ ಆ್ಯಪ್‌ಗಳು ಎಂದು ಬೇರೆ ಬೇರೆ ಪಟ್ಟಿಗಳಿವೆ. ಒಂದನ್ನೇ ನೋಡಿ ಬರಬೇಡಿ, ಎಲ್ಲವನ್ನೂ ನೋಡಿ. ರೆಪೊದ ಆ್ಯಕ್ಷನ್ಸ್ ಪುಟದಲ್ಲಿ ಆ ವರ್ಕ್‌ಫ್ಲೋವನ್ನು ನಿಲ್ಲಿಸಿ, ಸೀಕ್ರೆಟ್ ಅಳಿಸಿ. ಕೊನೆಗೆ ಖಾತೆಯ ಸೆಕ್ಯುರಿಟಿ ಲಾಗ್ ತೆರೆದು, ಹಿಂದಿನ ದಿನಗಳಲ್ಲಿ ನಿಮಗೆ ಗುರುತಿಲ್ಲದ ಟೋಕನ್ ಅಥವಾ ಆ್ಯಪ್ ಏನಾದರೂ ಸೇರಿದೆಯೇ ನೋಡಿ. ತಂಡದ ಮೂವರಿಗೂ ಈ ಕ್ರಮ ಬಾಯಿಗೆ ಬರಬೇಕು, ಏಕೆಂದರೆ ಆ ರಾತ್ರಿ ಎಚ್ಚರವಿರುವವರು ಯಾರೆಂದು ಮೊದಲೇ ಹೇಳಲಾಗದು.